ನಾಥುಲಾ ದಾಟಿದ ಮೇಲೆ ಸಿಗೋ ಫಾರಿ ಅನ್ನೋ ಊರು, ಇದರ ಕಥೆ ಯಾರಿಗಾದ್ರೂ ಗೊತ್ತಾ?

ತಿಪಟೂರು_ಯಾತ್ರಿ
ಎಲ್ರಿಗೂ ನಮಸ್ಕಾರ. 2019ರಲ್ಲಿ ನಾಥುಲಾ ದಾರೀಲಿ ಮಾನಸ ಸರೋವರಕ್ಕೆ ಹೋಗಿದ್ದೆ. ಕೈಲಾಸದ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದಾರೆ ಅದು ಬಿಡಿ, ನಂಗೆ ಕೇಳ್ಬೇಕಾಗಿರೋದು ದಾರೀಲಿ ಸಿಕ್ಕ ಒಂದು ಊರಿನ ಬಗ್ಗೆ. ನಾಥುಲಾ ಇಳಿದ್ರೆ ಯಾದೋಂಗ್ ಅಂತ ಪೇಟೆ, ಅಲ್ಲೆಲ್ಲ ಪೈನ್ ಮರ, ಹೊಳೆ, ಒಳ್ಳೆ ಹಸಿರು. ಅಲ್ಲಿಂದ ಬಸ್ಸು ಏರಿ ಏರಿ ಒಂದು ತಿರುವಿನ ಆಚೆ ಮರ ಅನ್ನೋದೇ ಇಲ್ಲ, ಬರೀ ಬಯಲು ಗಾಳಿ. ಆ ಬಯಲಲ್ಲಿ ಒಂದು ಊರು, ಅದರ ಪಕ್ಕದಲ್ಲಿ ಒಂಟಿಯಾಗಿ ಎದ್ದು ನಿಂತಿರೋ ಹಿಮದ ಬೆಟ್ಟ. ಗೈಡ್ ‘ಪಾಲಿ’ ಅಂದ, ಪ್ರಪಂಚದಲ್ಲೇ ಎತ್ತರದ ಪಟ್ಟಣ ಅಂತಾನೂ ಅಂದ. ಬಸ್ ನಿಲ್ಲಿಸ್ಲಿಲ್ಲ, ರಾತ್ರಿ ಕಾಂಗ್ಮಾ ಮುಟ್ಬೇಕಿತ್ತು. ಮ್ಯಾಪಲ್ಲಿ ಒಂದ್ ಕಡೆ ಫಾರಿ ಅಂತಿದೆ, ಇನ್ನೊಂದ್ ಕಡೆ ಪಾಗ್ರಿ ಅಂತಿದೆ. ನನ್ನ ಪ್ರಶ್ನೆ ಇಷ್ಟೇ, ಏನೂ ಬೆಳೀದಿರೋ ಅಂಥ ಮೂಲೇಲಿ ಜನ ಯಾಕಾದ್ರೂ ಊರು ಕಟ್ಟಿದ್ರು?

ಭೂಪಟದ_ಹುಚ್ಚ
ಪಾಲಿ, ಫಾರಿ, ಪಾಗ್ರಿ, ಬ್ರಿಟಿಷರ ಕಾಲದ ಕಾಗದಪತ್ರದಲ್ಲಿ ಫಾರಿ ಝೋಂಗ್, ಎಲ್ಲ ಒಂದೇ ಊರು. ಹೆಸರಿನ ಗೊಂದಲ ಅಲ್ಲಿಗೇ ಬಿಡೋಣ. ಮ್ಯಾಪ್ ತೆಗೆದು ನೋಡಿ, ಸಿಕ್ಕಿಂಗೂ ಭೂತಾನಿಗೂ ಮಧ್ಯ ಟಿಬೆಟ್ಟಿಂದು ಒಂದು ಚೂಪು ತುಂಡು ಕೆಳಗೆ ಇಳಿದಿರುತ್ತೆ, ಅದೇ ಚುಂಬಿ ಕಣಿವೆ. ಆ ಕಣಿವೆ ಮೇಲ್ಗಡೆ ಅಗಲ ಆಗಿ ಪ್ರಸ್ಥಭೂಮಿಗೆ ಕೂಡ್ಕೊಳ್ಳೋ ಜಾಗದಲ್ಲಿ ಫಾರಿ ಇದೆ.

ಎತ್ತರ 4,300 ಮೀಟರ್ ಮೇಲೆ. ಮುಳ್ಳಯ್ಯನಗಿರಿ ತಲೆ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ರೂ ಫಾರಿ ಸಿಗಲ್ಲ, ಇನ್ನೂ ನಾನೂರು ಮೀಟರ್ ಕಡಿಮೆ ಬೀಳುತ್ತೆ. ಕೆಳಗಿನ ಯಾದೋಂಗ್ ಅಂದ್ರೆ ಹಳೇ ಯಾತುಂಗ್ 3,000 ಮೀಟರ್ ಆಸುಪಾಸು. ಎರಡಕ್ಕೂ ನಡುವೆ ಸುಮಾರು 45 ಕಿಲೋಮೀಟರ್, ಅಷ್ಟರೊಳಗೆ ಕಾಡು ಮುಗಿದು ಮರಳುಗಾಡಿನಂಥ ಬಯಲು ಶುರು ಆಗ್ಬಿಡುತ್ತೆ. ಕಾರಣ ಬರೀ ಎತ್ತರ ಅಲ್ಲ. ಬಂಗಾಳಕೊಲ್ಲಿ ಮೋಡ ಕಣಿವೆ ಒಳಗೆ ನುಗ್ಗಿ ಕೆಳಗಿನ ಕಡೇನೇ ಸುರಿದು ಖಾಲಿ ಆಗುತ್ತೆ, ಮೇಲೆ ತಲುಪೋದು ಉಳಿಕೆ ಪಳಿಕೆ.

ನೀವು ನೋಡಿದ ಒಂಟಿ ಬೆಟ್ಟ ಚೋಮೋಲ್ಹಾರಿ, 7,326 ಮೀಟರ್. ಅದರ ನೆತ್ತಿ ಮೇಲೇ ಭೂತಾನ್ ಗಡಿ ಹೋಗುತ್ತೆ, ಆ ಕಡೆ ಇಳಿದ್ರೆ ಪಾರೋ ಕಣಿವೆ. ಫಾರಿಯ ನೀರು ಅಮೋ ಛು ಅನ್ನೋ ಹೊಳೆ ಆಗಿ ಯಾತುಂಗ್ ಮೇಲೆ ಭೂತಾನ್ ಒಳಗೆ ಹೊಕ್ಕು, ಬಂಗಾಳದಲ್ಲಿ ತೋರ್ಸಾ ಅನ್ನಿಸ್ಕೊಂಡು ಬ್ರಹ್ಮಪುತ್ರ ಸೇರುತ್ತೆ. ಊರಿಂದ ಸ್ವಲ್ಪ ಉತ್ತರಕ್ಕೆ ಹೋದ್ರೆ ತಾಂಗ್ ಲಾ. ಹೆಸರಿಗೆ ಕಣಿವೆದಾರಿ, ಎತ್ತರ 4,600 ಮೀಟರ್ ಹತ್ರ, ಆದ್ರೆ ಬಸ್ಸಲ್ಲಿ ಕೂತಿರೋರಿಗೆ ದಾಟಿದ್ದೇ ಗೊತ್ತಾಗಲ್ಲ, ಅಷ್ಟು ಚಪ್ಪಟೆ. ಅದರಾಚೆ ಬಿದ್ದ ಮಳೆ ಭೂತಾನ್ ಕಡೆ ಬರಲ್ಲ, ದೋಚೆನ್, ಕಾಲಾ ಕೆರೆಗಳ ಬಯಲಿಗೆ ಹೋಗುತ್ತೆ. ಹಿಮಾಲಯದ ಮುಖ್ಯ ಸಾಲನ್ನ ಇಷ್ಟು ಸಲೀಸಾಗಿ ದಾಟೋ ಜಾಗ ಈ ಭಾಗದಲ್ಲಿ ಕಮ್ಮಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೇ ಅನ್ಸುತ್ತೆ.

ಗಿರೀಶ_ಬಿಟಿಎಂ
ಪ್ರಪಂಚದಲ್ಲೇ ಎತ್ತರದ ಪಟ್ಟಣ ಅನ್ನೋದು ನಿಜಾನಾ ಗುರು?

ಭೂಪಟದ_ಹುಚ್ಚ
ಅಲ್ಲ. ಅವ್ರು ಬೋರ್ಡ್ ಹಾಕ್ಕೊಂಡು ಹೇಳ್ಕೊಳ್ತಾರೆ ಅಷ್ಟೇ. ಪೆರು ದೇಶದ ಲಾ ರಿಂಕೊನಾಡಾ ಅನ್ನೋ ಚಿನ್ನದ ಗಣಿ ಊರು 5,100 ಮೀಟರ್ ಹತ್ರ ಇದೆ, ಹತ್ತಾರು ಸಾವಿರ ಜನ ಇದಾರೆ. ಚೀನಾದ ಆಡಳಿತದಲ್ಲಿ ‘ಪಟ್ಟಣ’ ಅನ್ನೋ ದರ್ಜೆ ಬೇರೆ, ‘ಹಳ್ಳಿ ಗುಂಪು’ ಅನ್ನೋ ದರ್ಜೆ ಬೇರೆ, ಆ ದರ್ಜೆ ಹಿಡ್ಕೊಂಡು ಲೆಕ್ಕ ಹಾಕಿ ನಮ್ದೇ ಮೊದಲು ಅಂತಾರೆ. ಟೂರಿಸ್ಟ್ ಬೋರ್ಡು ಎಲ್ಲ ಕಡೆ ಹಿಂಗೇ.

ಸುಮಾ_ಶಿವಮೊಗ್ಗ
ಭೂಗೋಳ ಚೆನ್ನಾಗಿದೆ, ಆದ್ರೆ ಕೇಳಿದ್ದಕ್ಕೆ ಪೂರ್ತಿ ಉತ್ತರ ಬರ್ಲಿಲ್ಲ. ದಾಟೋಕೆ ಸುಲಭ ಅಂದ್ರೆ ದಾಟ್ಕೊಂಡು ಹೋಗ್ತಾರೆ, ಅಲ್ಲೇ ಯಾಕೆ ಉಳೀತಾರೆ? ತಿನ್ನೋಕೇನು?

ಹಳೇಪುಟ
ಸುಮಾ ಮೇಡಂ ಸರಿಯಾಗಿ ಹಿಡಿದ್ರಿ. ನಾನು ಈ ದಾರಿ ಬಗ್ಗೆ ವರ್ಷಗಟ್ಟಲೆ ಓದ್ತಾ ಇದೀನಿ, ಉದ್ದ ಆಗುತ್ತೆ ಬೈಕೋಬೇಡಿ.

ಫಾರೀಲಿ ಬಾರ್ಲಿ ಬಿತ್ತುತ್ತಿದ್ರು, ಆದ್ರೆ ಕಾಳು ಕಟ್ಟೋಕೆ ಮುಂಚೆ ಚಳಿ ಬಂದ್ಬಿಡುತ್ತೆ. ಹಂಗಾಗಿ ಹಸಿ ಇರುವಾಗ್ಲೇ ಕೊಯ್ದು ಒಣಗಿಸಿ ಮೇವು ಅಂತ ಮಾರ್ತಿದ್ರು. ಯಾರಿಗೆ ಮಾರ್ತಿದ್ರು ಅನ್ನೋದ್ರಲ್ಲೇ ಊರಿನ ಗುಟ್ಟಿರೋದು. ಬಂಗಾಳದ ಬೆಟ್ಟದ ಪೇಟೆ ಕಾಲಿಂಪಾಂಗ್‌ನಿಂದ ಲ್ಹಾಸಾಗೆ ಹೋಗೋ ಹೇಸರಗತ್ತೆ ಸಾಲುಗಳಿಗೆ! ಜೆಲೆಪ್ ಲಾ ಅಥವಾ ನಾಥುಲಾ ದಾಟಿ ಚುಂಬಿಗಿಳಿದು, ಮತ್ತೆ ಏರಿ ಸುಸ್ತಾಗಿ ಬರೋ ಪ್ರಾಣಿಗೆ ಫಾರೀಲಿ ಮೇವು ಸಿಗ್ಬೇಕು, ಆಳಿಗೆ ಮಲಗೋಕೆ ಬೆಚ್ಚಗಿನ ಮೂಲೆ ಸಿಗ್ಬೇಕು, ಮುಂದಿನ ಬಯಲಿಗೆ ಹೇರು ಬದಲಾಯಿಸ್ಬೇಕು. ಇದೇ ಊರಿಗೆ ಪಾರೋ ಕಡೆಯಿಂದ ತ್ರೆಮೋ ಲಾ ದಾಟಿ ಭೂತಾನಿಗರು ಅಕ್ಕಿ ತರ್ತಿದ್ರು. ಉತ್ತರದಿಂದ ಉಪ್ಪು, ಉಣ್ಣೆ. ಮೂರು ದಾರಿ ಕೂಡೋ ಕಡೆ ಟಿಬೆಟ್ ಸರ್ಕಾರದ ಕೋಟೆ ಅಂದ್ರೆ ಝೋಂಗ್, ಅದರಲ್ಲಿ ಝೋಂಗ್‌ಪೋನ್ ಅನ್ನೋ ಅಧಿಕಾರಿಗಳು, ಸುಂಕ ಕಟ್ಟದೆ ಒಂದು ಮೂಟೆನೂ ದಾಟೋ ಹಾಗಿಲ್ಲ. ಈ ಊರು ಬೆಳೆ ನಂಬ್ಕೊಂಡಿರ್ಲಿಲ್ಲ, ದಾರಿ ನಂಬ್ಕೊಂಡಿತ್ತು.

ತಿಪಟೂರಿನವರು ‘ಮೂಲೆ’ ಅಂದ್ರಲ್ಲ, ಅದಕ್ಕೇ ನನ್ನ ತಕರಾರು. ಮೂಲೆ ಆಗಿದ್ದು 1962ರ ಈಚೆಗೆ. ಅದಕ್ಕೂ ಮುಂಚೆ ಭಾರತದಿಂದ ಲ್ಹಾಸಾಗೆ ಹೋಗೋ ಮುಖ್ಯರಸ್ತೆ ಮೇಲಿನ ಊರದು. 1774ರಲ್ಲಿ ವಾರನ್ ಹೇಸ್ಟಿಂಗ್ಸ್ ಕಳಿಸಿದ ಜಾರ್ಜ್ ಬೋಗಲ್ ಭೂತಾನ್ ಮೇಲೆ ಬಂದು ಫಾರಿ ಹತ್ತಿ ಪಂಚೆನ್ ಲಾಮಾ ಅನ್ನೋ ಟಿಬೆಟ್‌ನ ದೊಡ್ಡ ಧರ್ಮಗುರುವನ್ನ ನೋಡೋಕೆ ಹೋದ. 1783ರಲ್ಲಿ ಸ್ಯಾಮ್ಯುಯೆಲ್ ಟರ್ನರ್. 1811ರಲ್ಲಿ ಥಾಮಸ್ ಮ್ಯಾನಿಂಗ್ ಅನ್ನೋ ವಿಚಿತ್ರ ಮನುಷ್ಯ, ಗಡ್ಡ ಬಿಟ್ಕೊಂಡು, ಬ್ರಿಟಿಷ್ ಸರ್ಕಾರದ ಬೆಂಬಲ ಏನೂ ಇಲ್ದೆ ಬಂದ. ಫಾರೀಲಿ ಚೀನೀ ಸೈನಿಕರಿಗೆ ಔಷಧಿ ಕೊಟ್ಟು ಅವರ ಜನರಲ್ ಸ್ನೇಹ ಸಂಪಾದಿಸಿ, ಅವನ ಜೊತೆ ಮುಂದಕ್ಕೆ ಹೋಗಿ, ಕೊನೆಗೆ ಲ್ಹಾಸಾ ಮುಟ್ಟಿದ ಮೊದಲ ಇಂಗ್ಲಿಷ್‌ನವ ಅನ್ನಿಸ್ಕೊಂಡ. ಫಾರಿ ಬಗ್ಗೆ ಅವನ ಡೈರೀಲಿ ಇರೋದು ಇಷ್ಟೇ, ಕೊಳಕು, ಜಿಡ್ಡು, ಹೊಗೆ, ಗೋಳು, ಕುರಿಮಾಂಸ ಮಾತ್ರ ಚೆನ್ನಾಗಿದೆ ಅಂತ 😄

ಗಿರೀಶ_ಬಿಟಿಎಂ
ಕುರಿಮಾಂಸಕ್ಕೆ ಫುಲ್ ಮಾರ್ಕ್ಸು 😂

ಮುಂಡಗೋಡದಾಂವ
ಅಲ್ರೀ ಹಳೇಪುಟ ಸರ, ಈ ಬಿಳಿ ಮಂದಿ ಎಲ್ಲಾರೂ ಫಾರಿ ಹೊಲಸ ಅಂತ ಬರದಾರ ಖರೆ, ಯಾಕ ಹಂಗಿತ್ತು ಅಂತ ಒಬ್ಬಾಂವರ ವಿಚಾರ ಮಾಡ್ಯಾನೇನ್ರಿ? ನಮ್ಮ ಮುಂಡಗೋಡ ಟಿಬೆಟನ್ ಕ್ಯಾಂಪಿನ್ಯಾಗ ಒಬ್ಬ ಅಜ್ಜ ಇದ್ರು, ಸಣ್ಣಾಂವ ಇದ್ದಾಗ ಕಾಲಿಂಪಾಂಗ್ ದಾರ್ಯಾಗ ಹೇಸರಗತ್ತಿ ಹೊಡದಾಂವ. ಅವ್ರು ಹೇಳತಿದ್ರು, ಫಾರ್ಯಾಗ ಕಟಗಿ ಅನ್ನೂದ ಸಿಗೂದಿಲ್ಲ, ಯಾಕ್ ಸಗಣಿ ಕುಳ್ಳ ಒಂದ ಉರುವಲ. ಮನಿ ಕಟ್ಟೂದೂ ಹುಲ್ಲಿನ ಬೇರ ಸಮೇತ ಕಡದ ಮಣ್ಣಿನ ಹೆಂಟಿಲೆ. ಗಾಳಿ ಮಧ್ಯಾಹ್ನ ಶುರು ಆತಂದ್ರ ಮಂದಿ ಹೊರಗ ತಲಿ ಹಾಕೂದಿಲ್ಲ, ಅದಕ್ಕ ಕಿಡಕಿ ಸಣ್ಣವು, ಹೊಗಿ ಹೋಗಾಕ ಮ್ಯಾಲ ಒಂದ ತೂತ. ವರ್ಷದಾಗ ಭಾಳ ತಿಂಗಳ ನೀರು ಗಡ್ಡಿ ಕಟ್ಟಿರತೈತಿ. ಕಸ ಕೊಳ್ಯಾಕ ಕಾವ ಬೇಕ ಮಳಿ ಬೇಕ, ಅಲ್ಲಿ ಎರಡೂ ಕಮ್ಮಿ, ಹಾಕಿದ್ದು ಹಾಕಿದಲ್ಲೇ ಕುಂಡರತೈತಿ. ವರ್ಷಾ ವರ್ಷಾ ಓಣಿ ಎತ್ರ ಆಗಿ ಆಗಿ ಮನ್ಯಾಗ ಹೋಗಬೇಕಂದ್ರ ಕೆಳಗ ಇಳದ ಹೋಗಬೇಕಿತ್ತಂತ. ಅಂಥಲ್ಲಿ ಇವರು ಬಂದು ಮಸಿ ಹತ್ತೇತಿ ಅಂತ ಮೂಗ ಮುಚ್ಚಗೊಂಡ್ರ ಏನ್ ಹೇಳೂದ್ರಿ.

ಮತ್ತ ಅಜ್ಜ ಒಂದ ಮಾತ ಭಾಳ ಖುಷಿಲೆ ಹೇಳತಿದ್ರು. ಸಾಲಿನ ಮುಂದಿನ ಹೇಸರಗತ್ತಿಗೆ ಶೃಂಗಾರ, ಹಣಿಗೆ ಕೆಂಪ ಬಣ್ಣ ಹಾಕಿದ ಯಾಕ್ ಕೂದಲ ಕುಚ್ಚ, ಕೊರಳಾಗ ಗಂಟಿ. ಎದರಿನ ಸಾಲಿನವರಿಗೆ ಸಪ್ಪಳ ದೂರದಿಂದನ ಕೇಳಬೇಕು, ಯಾಕಂದ್ರ ಬೆಟ್ಟದ ದಾರ್ಯಾಗ ಎರಡ ಸಾಲ ಎದರಾ ಬದರಾ ಆದ್ರ ಒಂದ ಕಣಿವ್ಯಾಗ.

ಸುಮಾ_ಶಿವಮೊಗ್ಗ
ಅಣ್ಣಾ ಇದು ಚೆನ್ನಾಗಿದೆ, ಇಂಥದ್ದು ಪುಸ್ತಕದಲ್ಲಿ ಸಿಗಲ್ಲ. ಅಡುಗೆ ಬಗ್ಗೆನೂ ಸೇರಿಸ್ತೀನಿ. ಆ ಎತ್ತರದಲ್ಲಿ ನೀರು 86 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ, ಕುಕ್ಕರ್ ಇಲ್ದೆ ಅಕ್ಕಿ ಬೇಳೆ ಬೇಯೋದು ಕಷ್ಟ. ಹಂಗಾಗಿ ಬಾರ್ಲಿ ಹುರಿದು ಬೀಸಿ ಇಟ್ಕೊಂಡು ಬೆಣ್ಣೆ ಚಹಾದಲ್ಲಿ ಕಲಸಿ ಉಂಡೆ ಮಾಡಿ ತಿನ್ನೋದು, ಬೇಯಿಸೋ ತಾಪತ್ರಯಾನೇ ಇಲ್ಲ. ಉರುವಲು ಕಮ್ಮಿ ಇರೋ ಜಾಗಕ್ಕೆ ಇದಕ್ಕಿಂತ ಬುದ್ಧಿವಂತಿಕೆ ಊಟ ಇಲ್ಲ.

ಅಂಚೆಚೀಟಿ_ಶೆಟ್ರು
ಫಾರಿ ಹೆಸರು ಕಂಡ ಕೂಡಲೇ ಓಡಿ ಬಂದೆ ಮಾರಾಯ್ರೆ. ನಮ್ಮಂಥ ಸ್ಟಾಂಪ್ ಹುಚ್ಚರಿಗೆ ಇದು ದೊಡ್ಡ ಹೆಸರು. ಅಲ್ಲಿ ಭಾರತದ ಅಂಚೆ ಕಚೇರಿ ಇತ್ತು ಅಂತ ಎಷ್ಟು ಜನಕ್ಕೆ ಗೊತ್ತುಂಟು? ಯಾತುಂಗ್, ಫಾರಿ, ಲ್ಹಾಸಾ ದಾರಿಯಲ್ಲಿ ಮುಂದೆ ಸಿಗುವ ಗ್ಯಾಂಟ್ಸೆ, ಮೂರರಲ್ಲೂ ಇತ್ತು, ನಮ್ಮದೇ ಸ್ಟಾಂಪು, ಮೇಲೆ ಫಾರಿಝೋಂಗ್ ಅಂತ ದುಂಡು ಮುದ್ರೆ. ಟಿಬೆಟ್ ಸರ್ಕಾರ 1912ರಿಂದ ತನ್ನದೇ ಸಿಂಹದ ಸ್ಟಾಂಪು ಹಾಕ್ತಿತ್ತು, ಫಾರೀಲಿ ಅವರದ್ದೂ ಕಚೇರಿ ಉಂಟು. ಆದರೆ ಟಿಬೆಟ್ ಅಂತರರಾಷ್ಟ್ರೀಯ ಅಂಚೆ ಒಕ್ಕೂಟದಲ್ಲಿ ಇರಲಿಲ್ಲ, ಹಾಗಾಗಿ ಅವರ ಸ್ಟಾಂಪು ಹೊರದೇಶದಲ್ಲಿ ನಡೆಯೂದಿಲ್ಲ. ಲ್ಹಾಸಾದಿಂದ ಕಲ್ಕತ್ತಾಗೆ ಕಾಗದ ಹೋಗ್ಬೇಕಾದ್ರೆ ಟಿಬೆಟ್ ಸ್ಟಾಂಪು ಗಡಿ ಕಡೆಯ ಕಚೇರಿ ವರೆಗೆ, ಅಲ್ಲಿಂದ ಮುಂದಕ್ಕೆ ಭಾರತದ ಸ್ಟಾಂಪು. ಒಂದೇ ಲಕೋಟೆ ಮೇಲೆ ಎರಡು ದೇಶದ ಸ್ಟಾಂಪು, ಎರಡು ಮುದ್ರೆ.

ನನ್ನ ಹತ್ರ ಒಂದು ಉಂಟು, ಉಣ್ಣೆ ವ್ಯಾಪಾರಿದು, ಕಾಲಿಂಪಾಂಗ್‌ಗೆ ಬರೆದದ್ದು. ಕಾಗದ ಕೈಯಲ್ಲಿ ಮಾಡಿದ ಟಿಬೆಟನ್ ಕಾಗದ, ದಪ್ಪ, ಬಟ್ಟೆ ಮುಟ್ಟಿದ ಹಾಗೆ. ಹಿಂದುಗಡೆ ಟಿಬೆಟನ್ ಬರಹ, ಎದುರುಗಡೆ ಗೀಚಿದ ಇಂಗ್ಲಿಷು, ಒಂದು ಬದಿಗೆ ನಾಗರಿ ಲಿಪಿಯಲ್ಲಿ ಮಾರವಾಡಿ ಸೇಠ್‌ಗಳ ಹೆಸರು. ಹಳೇಪುಟದವರು ಮುಖ್ಯರಸ್ತೆ ಅಂದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಳೇಪುಟ
ಶೆಟ್ರೇ ನೀವು ಬಂದಿದ್ದು ಒಳ್ಳೇದಾಯ್ತು. ಆ ಅಂಚೆ ಕಚೇರಿ ಅಲ್ಲಿಗೆ ಹೆಂಗೆ ಬಂತು ಅಂತ ಹೇಳಿದ್ರೆ ಕಥೆಯ ಕಹಿ ಭಾಗ ಶುರು ಆಗುತ್ತೆ.

1890ರಲ್ಲಿ ಬ್ರಿಟಿಷರೂ ಚೀನಾನೂ ಕೂತು ಸಿಕ್ಕಿಂ-ಟಿಬೆಟ್ ಗಡಿ ಒಪ್ಪಂದ ಮಾಡ್ಕೊಂಡ್ರು, ಟಿಬೆಟ್‌ನವರನ್ನ ಕೇಳ್ಲೇ ಇಲ್ಲ. 1894ರಲ್ಲಿ ಯಾತುಂಗ್‌ನಲ್ಲಿ ಮಾರುಕಟ್ಟೆ ತೆರೆದ್ರು. ಟಿಬೆಟನ್ನರು ದಾರಿಗೆ ಅಡ್ಡ ಗೋಡೆ ಕಟ್ಟಿ ವ್ಯಾಪಾರ ನಡೆಯೋಕೆ ಬಿಡ್ಲಿಲ್ಲ. ನಮ್ಮನ್ನ ಕೇಳದೆ ಮಾಡಿದ ಕರಾರಿಗೆ ನಾವ್ಯಾಕೆ ಕಟ್ಟುಬೀಳ್ಬೇಕು ಅಂತ, ನ್ಯಾಯಾನೇ. ಅಷ್ಟರಲ್ಲಿ ವೈಸ್‌ರಾಯ್ ಕರ್ಜನ್‌ಗೆ ರಷ್ಯಾ ಭಯ ಹತ್ಕೊಳ್ತು, ಲ್ಹಾಸಾದಲ್ಲಿ ರಷ್ಯನ್ನರ ಕೈ ಆಡ್ತಿದೆ ಅಂತ ಗುಮಾನಿ. 1903 ಡಿಸೆಂಬರ್‌ನಲ್ಲಿ, ಆ ಚಳೀಲಿ, ಯಂಗ್‌ಹಸ್‌ಬೆಂಡ್ ಅನ್ನೋ ಬ್ರಿಟಿಷ್ ಅಧಿಕಾರಿ ಸೈನ್ಯ ಸಮೇತ ಜೆಲೆಪ್ ಲಾ ದಾಟಿದ. ಫಾರಿ ಕೋಟೆ ಒಂದು ಗುಂಡೂ ಹಾರಿಸದೆ ಕೈಗೆ ಬಂತು. ತಾನು ಮುಂದಕ್ಕೆ ಹೋಗಿ ತಾಂಗ್ ಲಾ ಆಚೆ ತೂನಾ ಅನ್ನೋ ಹಳ್ಳೀಲಿ ಚಳಿಗಾಲ ಕಳೆದ, ಸಾಮಾನೆಲ್ಲ ಫಾರಿ ಮೇಲೇ ಹೋಗ್ಬೇಕು. ರೈಫಲ್‌ಗೆ ಹಾಕಿದ ಎಣ್ಣೇನೇ ಹೆಪ್ಪುಗಟ್ಟೋ ಚಳಿ.

1904 ಮಾರ್ಚ್ 31. ಗುರು ಅನ್ನೋ ಹಳ್ಳಿ ಹತ್ರ ಟಿಬೆಟನ್ ಸೈನಿಕರು ದಾರಿಗಡ್ಡ ಕಲ್ಲಿನ ಗೋಡೆ ಹಾಕಿ ಕೂತಿದ್ರು. ಇವ್ರು ಸುತ್ತುವರಿದು, ಬನ್ನಿ ಆಯುಧ ಕೊಡಿ ಅಂತ ಕಿತ್ಕೊಳ್ಳೋಕೆ ಹೋದ್ರು, ನೂಕುನುಗ್ಗಲಲ್ಲಿ ಒಂದು ಗುಂಡು ಹಾರಿತು. ಬತ್ತಿ ಹಚ್ಚೋ ಕೋವಿ ಮತ್ತೆ ಕತ್ತಿ ಒಂದು ಕಡೆ, ಮ್ಯಾಕ್ಸಿಂ ಮಷೀನ್ ಗನ್ ಇನ್ನೊಂದು ಕಡೆ. ಕೆಲವೇ ನಿಮಿಷದಲ್ಲಿ ಆರುನೂರಕ್ಕೂ ಹೆಚ್ಚು ಟಿಬೆಟನ್ನರು ಸತ್ರು. ನೋಡಿದವರೆಲ್ಲ ಬರೆದಿರೋ ಒಂದು ವಿಷಯ, ಬದುಕಿದವರು ಓಡ್ಲಿಲ್ಲ, ತಲೆ ತಗ್ಗಿಸಿ ನಿಧಾನಕ್ಕೆ ನಡ್ಕೊಂಡು ಹೋದ್ರು, ಗುಂಡು ಹಿಂದಿನಿಂದ ಬೀಳ್ತಾನೇ ಇತ್ತು. ತಿಪಟೂರಿನವರ ಬಸ್ಸು ಆ ಬಯಲ ಪಕ್ಕದಲ್ಲೇ ಹೋಗಿರುತ್ತೆ.

ಆಗಸ್ಟಲ್ಲಿ ಲ್ಹಾಸಾ, ಸೆಪ್ಟೆಂಬರ್ 7ಕ್ಕೆ ಒಪ್ಪಂದ. 75 ಲಕ್ಷ ರೂಪಾಯಿ ದಂಡ ಹಾಕಿದ್ರು, ಆಮೇಲೆ 25 ಲಕ್ಷಕ್ಕೆ ಇಳಿಸಿದ್ರು, ಅದು ತೀರೋವರೆಗೂ ಚುಂಬಿ ಕಣಿವೆ ಒತ್ತೆ ಅಂತ 1908ರ ತನಕ ಇಟ್ಕೊಂಡ್ರು. ಯಾರ ಮನೆಗೆ ನುಗ್ಗಿದ್ರೋ ಅವರ ಹತ್ರಾನೇ ನುಗ್ಗಿದ ಖರ್ಚು ವಸೂಲಿ. ತಂತಿ ಕಂಬ, ಅಂಚೆ, ಡಾಕ್ ಬಂಗಲೆ ಎಲ್ಲ ಈ ಬಾಬತ್ತಿನವೇ.

ನಿವೃತ್ತ_ಫೌಜಿ
ನಾನು ಸೇನೇಲಿದ್ದಾಗ ಪೂರ್ವ ಸಿಕ್ಕಿಂನಲ್ಲಿ ಪೋಸ್ಟಿಂಗ್ ಇತ್ತು, ಚಳಿ ಅಂದ್ರೆ ಏನು ಅಂತ ಗೊತ್ತು. ಹಳೇಪುಟ ಸರ್ ‘ಬ್ರಿಟಿಷರು’ ಅಂತ ಬರೆದ್ರಿ, ಒಪ್ಪಿದೆ, ಹುಕುಂ ಅವರದು. ಆದ್ರೆ ಗುಂಡು ಹಾರಿಸಿದ ಕೈ ಹೆಚ್ಚಿನವು ನಮ್ಮವೇ, ಸಿಖ್ ಪಯನಿಯರ್‌ಗಳು, ಗೂರ್ಖಾಗಳು. ಸಾಮಾನು ಹೊತ್ತು ಫಾರಿ ತನಕ ಏರಿ ನ್ಯುಮೋನಿಯಾ ಆಗಿ, ಹಿಮದಲ್ಲಿ ಕಾಲು ಹೋಗಿ ಸತ್ತ ಕೂಲಿಗಳೂ ಈ ಕಡೆಯವರೇ. ಅವರ ಹೆಸರು ಯಾವ ಪುಸ್ತಕದಲ್ಲೂ ಬರಲ್ಲ. ಅದನ್ನ ಹೇಳದೆ ಕಥೆ ಪೂರ್ತಿ ಆಗಲ್ಲ ಅನ್ಸಿ ಬರೆದೆ.

ಹಳೇಪುಟ
ಫೌಜಿ ಸರ್, ನೂರಕ್ಕೆ ನೂರು.

ಗಿರೀಶ_ಬಿಟಿಎಂ
ಸ್ವಲ್ಪ ಲೈಟ್ ಮಾಡೋಣ. ಆ ಬೆಟ್ಟ ಯಾರಾದ್ರೂ ಹತ್ತಿದಾರಾ? ಟ್ರೆಕ್ಕಿಂಗ್ ಗ್ರೂಪಲ್ಲಿ ಯಾರೂ ಇದರ ಹೆಸರೇ ಎತ್ತಲ್ಲ.

ಭೂಪಟದ_ಹುಚ್ಚ
1937 ಮೇ 21ಕ್ಕೆ ಫ್ರೆಡ್ಡಿ ಸ್ಪೆನ್ಸರ್ ಚಾಪ್‌ಮನ್ ಮತ್ತೆ ಪಸಾಂಗ್ ದಾವಾ ಲಾಮಾ, ಇಬ್ಬರೇ. ಏರಿದ್ದಕ್ಕಿಂತ ಇಳಿದಿದ್ದೇ ಕಷ್ಟ ಆಯ್ತು, ಪಸಾಂಗ್ ಜಾರಿ ಇಬ್ಬರೂ ಉರುಳಿ, ಚಾಪ್‌ಮನ್ ಹಿಮಗೊಡಲಿ ಊರಿ ಕೊನೇ ಗಳಿಗೇಲಿ ತಡೆದ. ಬೆಟ್ಟ ಭೂತಾನ್‌ನವರಿಗೂ ಫಾರಿಯವರಿಗೂ ದೇವತೆ, ಪೂಜೆ ಮಾಡೋ ಬೆಟ್ಟ, ಭೂತಾನ್ ಅಂತೂ ಈಗ ಪರ್ವತಾರೋಹಣಾನೇ ನಿಲ್ಲಿಸಿದೆ. ಗ್ರೂಪಲ್ಲಿ ಹೆಸರು ಬರದೇ ಇರೋದು ಅದಕ್ಕೇ.

ಎವರೆಸ್ಟ್‌ಗೂ ಫಾರಿಗೂ ನಂಟಿದೆ. ನೇಪಾಳ ಬಾಗಿಲು ಮುಚ್ಚಿದ್ದ ಕಾಲ, 1921, 22, 24ರ ತಂಡಗಳು ಡಾರ್ಜಿಲಿಂಗ್‌ನಿಂದ ಚುಂಬಿ ಏರಿ ಫಾರಿ ಮೇಲೆ ಪಶ್ಚಿಮಕ್ಕೆ ತಿರುಗಿ ಹೋದ್ವು. 1921ರಲ್ಲಿ ಕೆಲ್ಲಾಸ್ ಅನ್ನೋ ಸ್ಕಾಟಿಷ್ ವಿಜ್ಞಾನಿ, ಎತ್ತರದಲ್ಲಿ ಉಸಿರಾಟ ಹೆಂಗಿರುತ್ತೆ ಅಂತ ಆ ಕಾಲಕ್ಕೇ ಲೆಕ್ಕ ಹಾಕಿದವನು, ಫಾರಿ ಹೊತ್ತಿಗೆ ಹೊಟ್ಟೆ ಕೆಟ್ಟು ನಿತ್ರಾಣ ಆಗಿ, ಎತ್ಕೊಂಡು ಹೋಗ್ತಿರುವಾಗ ಕಾಂಪಾ ಝೋಂಗ್ ಹತ್ರ ಪ್ರಾಣ ಬಿಟ್ಟ.

ತಿಪಟೂರು_ಯಾತ್ರಿ
ಒಂದು ಪ್ರಶ್ನೆ ಕೇಳಿ ಸುಮ್ನೆ ಕೂತಿದ್ದಕ್ಕೆ ಇಷ್ಟೆಲ್ಲ ಸಿಗ್ತಿದೆ, ಎಲ್ರಿಗೂ ಥ್ಯಾಂಕ್ಸ್. ಹಳೇಪುಟ ಸರ್, ಉಣ್ಣೆ ಉಣ್ಣೆ ಅಂತೀರಲ್ಲ, ಅಷ್ಟೊಂದು ಉಣ್ಣೆ ಎಲ್ಲಿಗೆ ಹೋಗ್ತಿತ್ತು? ನಮ್ಮೋರು ಕಂಬಳಿಗೆ ತಗೊಳ್ತಿದ್ರಾ?

ಹಳೇಪುಟ
ಕಂಬಳಿಗಲ್ಲ, ಹೆಚ್ಚಿನ ಪಾಲು ಅಮೆರಿಕದ ಕಾರ್ಪೆಟ್ ಕಾರ್ಖಾನೆಗೆ. ಟಿಬೆಟ್ ಉಣ್ಣೆ ಒರಟು, ಪುಟಿಯುತ್ತೆ, ಕಾಲಡಿ ಹಾಸೋಕೆ ಹೇಳಿ ಮಾಡಿಸಿದ್ದು. ಬಯಲಿಂದ ಫಾರಿ, ಫಾರಿಯಿಂದ ಕಾಲಿಂಪಾಂಗ್, ಅಲ್ಲಿ ವಿಂಗಡಿಸಿ ಮೂಟೆ ಕಟ್ಟಿ ಕಲ್ಕತ್ತಾ, ಅಲ್ಲಿಂದ ಹಡಗು. ಕಾಲಿಂಪಾಂಗ್ ಪೇಟೆ ಬೆಳೆದಿದ್ದೇ ಈ ಉಣ್ಣೆ ಮೇಲೆ. ಜೊತೆಗೆ ಕಸ್ತೂರಿ, ಚರ್ಮ, ಯಾಕ್ ಬಾಲ. ದೇವಸ್ಥಾನದಲ್ಲಿ ಬೀಸೋ ಬಿಳೀ ಚಾಮರ ಇದ್ಯಲ್ಲ, ಅದು ಚಮರೀಮೃಗದ್ದು ಅಂದ್ರೆ ಯಾಕ್‌ದೇ ಬಾಲ, ಹಿಮಾಲಯದ ಆಚೆಯಿಂದ್ಲೇ ಬರ್ಬೇಕು. ಇಲ್ಲಿಂದ ಮೇಲಕ್ಕೆ ಹತ್ತಿ ಬಟ್ಟೆ, ಸಕ್ಕರೆ, ಸೀಮೆಎಣ್ಣೆ, ಸಿಗರೇಟು. 13ನೇ ದಲೈ ಲಾಮಾ ಅವರಿಗೆ ಬೇಬಿ ಆಸ್ಟಿನ್ ಕಾರು ಹೋಯ್ತು, ಬಿಡಿ ಬಿಡಿಯಾಗಿ ಬಿಚ್ಚಿ ಹಿಮಾಲಯ ದಾಟಿಸಿ ಲ್ಹಾಸಾದಲ್ಲಿ ಮತ್ತೆ ಜೋಡಿಸಿದ್ರು!

ತಮಾಷೆ ಅಂದ್ರೆ 1951ರ ನಂತರ ಲ್ಹಾಸಾಗೆ ಬಂದ ಚೀನಾ ಸೈನ್ಯಕ್ಕೆ ಅಕ್ಕಿ ಸಾಲದೆ ಬಂದಾಗ, ಅದೂ ಕಲ್ಕತ್ತಾ ಮೇಲೆ ಇದೇ ಚುಂಬಿ ದಾರೀಲಿ ಹೋಯ್ತು, ನಮ್ಮ ಸರ್ಕಾರಾನೇ ಬಿಟ್ಟಿತ್ತು. ಚೀನಾ ಕಡೆಯಿಂದ ಲ್ಹಾಸಾಗೆ ರಸ್ತೆ ಮುಗಿದಿದ್ದು 1954ರ ಕೊನೆಗೆ.

ಮುಂಡಗೋಡದಾಂವ
ಇದ ದಾರ್ಯಾಗ ದಲೈ ಲಾಮಾರೂ ಬಂದು ಹೋಗ್ಯಾರಲ್ರಿ?

ಹಳೇಪುಟ
ಬಂದಿದಾರೆ, ಒಬ್ಬರಲ್ಲ ಇಬ್ಬರು. 1910 ಫೆಬ್ರವರೀಲಿ ಚೀನಾ ಸೈನ್ಯ ಲ್ಹಾಸಾಗೆ ನುಗ್ಗಿದಾಗ 13ನೇ ದಲೈ ಲಾಮಾ ಫಾರಿ ಮೇಲೆ ತಪ್ಪಿಸ್ಕೊಂಡು ಯಾತುಂಗ್‌ಗೆ ಬಂದ್ರು. ಅಲ್ಲಿ ಬ್ರಿಟಿಷ್ ವ್ಯಾಪಾರ ಏಜೆಂಟ್ ಡೇವಿಡ್ ಮ್ಯಾಕ್‌ಡೊನಾಲ್ಡ್, ತಂದೆ ಸ್ಕಾಟಿಷ್ ತಾಯಿ ಲೆಪ್ಚಾ, ಅವರ ಮನೇಲಿ ಉಳಿದು ಜೆಲೆಪ್ ಲಾ ದಾಟಿ ಭಾರತಕ್ಕೆ. ಆರು ವರ್ಷದ ಹಿಂದೆ ಅದೇ ಬ್ರಿಟಿಷರಿಂದ ತಪ್ಪಿಸ್ಕೊಂಡು ಮಂಗೋಲಿಯಾಗೆ ಓಡಿದ್ದೋರು, ಈಗ ಅವರ ಹತ್ರಾನೇ ಆಶ್ರಯ. ಆಮೇಲೆ ಈಗಿನ ದಲೈ ಲಾಮಾ, 15 ವರ್ಷದ ಹುಡುಗ, 1950 ಡಿಸೆಂಬರಲ್ಲಿ ಲ್ಹಾಸಾ ಬಿಟ್ಟು ಇದೇ ಕಣಿವೆಗೆ ಬಂದು ದುಂಗ್ಕಾರ್ ಮಠದಲ್ಲಿ ತಿಂಗಳುಗಟ್ಟಲೆ ಇದ್ರು. ಭಾರತಕ್ಕೆ ದಾಟೋದಾ ವಾಪಸ್ ಹೋಗೋದಾ ಅಂತ ಒಂದೇ ಚರ್ಚೆ. ಮೇ ತಿಂಗಳಲ್ಲಿ ಟಿಬೆಟ್ ಚೀನಾಕ್ಕೆ ಸೇರಿದ್ದು ಅಂತ ಬರೆದ 17 ಅಂಶದ ಒಪ್ಪಂದಕ್ಕೆ ಸಹಿ ಬಿತ್ತು ಅನ್ನೋ ಸುದ್ದಿ ಅವರಿಗೆ ರೇಡಿಯೋದಲ್ಲಿ ಗೊತ್ತಾಗಿದ್ದು. ಜುಲೈಲಿ ವಾಪಸ್ ಹೊರಟ್ರು. 1959ರಲ್ಲಿ ಮಾತ್ರ ಈ ದಾರಿ ಅಲ್ಲ, ಪೂರ್ವದಲ್ಲಿ ತವಾಂಗ್ ಕಡೆಯಿಂದ ಬಂದಿದ್ದು.

ಗಿರೀಶ_ಬಿಟಿಎಂ
ನೆಹರು ಅವರೇ ಎಲ್ಲಾ ಬಿಟ್ಟುಕೊಟ್ರು ಅಂತ ಯಾರೂ ಇನ್ನೂ ಬರೆದಿಲ್ಲ, ಆಶ್ಚರ್ಯ 😏

ನಿರ್ವಾಹಕ
ಗಿರೀಶ್, ಕಡ್ಡಿ ಗೀರಬೇಡಿ. ರಾಜಕೀಯಕ್ಕೆ ಬೇರೆ ಎಳೆ ಇದೆ.

ಅಂಚೆಚೀಟಿ_ಶೆಟ್ರು
ರಾಜಕೀಯ ಬೇಡ, ದಾಖಲೆ ಮಟ್ಟಿಗೆ ಹೇಳ್ತೇನೆ. 1954 ಏಪ್ರಿಲ್ 29ರ ಭಾರತ-ಚೀನಾ ಒಪ್ಪಂದದಲ್ಲಿ ಫಾರಿ ಹೆಸರು ಉಂಟು, ಭಾರತೀಯ ವ್ಯಾಪಾರಿಗಳು ಮಾರಾಟ ಮಾಡಬಹುದಾದ ಊರುಗಳು ಯಾತುಂಗ್, ಗ್ಯಾಂಟ್ಸೆ, ಫಾರಿ ಅಂತ. ಅದರ ಜೊತೆಗೇ ನಮ್ಮ ಕಾವಲು ಪಡೆ ವಾಪಸ್ಸು, ಅಂಚೆ ತಂತಿ ಟೆಲಿಫೋನು ಹಸ್ತಾಂತರ, 12 ವಿಶ್ರಾಂತಿ ಗೃಹಗಳೂ ಹಸ್ತಾಂತರ. 1955 ಏಪ್ರಿಲ್‌ಗೆ ಫಾರಿಝೋಂಗ್ ಮುದ್ರೆ ಬಂದ್. ಆ ಕೊನೇ ತಿಂಗಳುಗಳ ಲಕೋಟೆ ಸಿಕ್ಕಿದ್ರೆ ನನಗೆ ಹೇಳಿ, ಆಸ್ತಿ ಮಾರಿಯಾದ್ರೂ ತಗೊಳ್ತೇನೆ. ಒಪ್ಪಂದಕ್ಕೆ ಎಂಟು ವರ್ಷದ ವಾಯಿದೆ, 1962 ಜೂನ್‌ಗೆ ಮುಗಿಯಿತು. ಅಕ್ಟೋಬರ್‌ನಲ್ಲಿ ಏನಾಯ್ತು ಎಲ್ಲರಿಗೂ ಗೊತ್ತುಂಟು.

ನಿವೃತ್ತ_ಫೌಜಿ
2006 ಜುಲೈ 6ಕ್ಕೆ ನಾಥುಲಾ ಮತ್ತೆ ತೆರೆದಾಗ ಎಲ್ಲರೂ ಹಳೇ ದಾರಿ ಬಂತು ಅಂತ ಕುಣಿದ್ರು. ಎಂಥದ್ದೂ ಬರ್ಲಿಲ್ಲ. ಈ ಕಡೆ ಶೆರಾಥಾಂಗ್, ಆ ಕಡೆ ರಿಂಚೆನ್‌ಗಾಂಗ್, ಗಡಿ ಪಕ್ಕದಲ್ಲೇ ಸಂತೆ, ಪಟ್ಟೀಲಿ ಇರೋ ಸಾಮಾನು ಮಾತ್ರ, ಅದೂ ಸ್ಥಳೀಯರಿಗೆ. ಫಾರಿ ತನಕ ಯಾವ ವ್ಯಾಪಾರೀನೂ ಹೋಗಂಗಿಲ್ಲ. ಯಾತ್ರಿಗಳಿಗೆ 2015ರಲ್ಲಿ ಬಿಟ್ರು, 2017ರಲ್ಲಿ ಡೋಕ್ಲಾಂನಲ್ಲಿ ನಮ್ಮ ಸೈನ್ಯಕ್ಕೂ ಚೀನಾ ಸೈನ್ಯಕ್ಕೂ ಜಟಾಪಟಿ ಆಗಿ ಆ ವರ್ಷ ನಿಂತೋಯ್ತು, 2020ರಿಂದ ಕೊರೊನಾ, ಮತ್ತೆ 2025ರಲ್ಲಿ ಶುರು. ಡೋಕ್ಲಾಂ ಅಂದ್ರೆ ಇದೇ ಚುಂಬಿ ಕಣಿವೆಯ ಚೂಪು ತುದಿ. ಜಗಳದಲ್ಲಿ ಚೀನಾದವರು ತೆಗೆದು ತೋರಿಸಿದ ಕಾಗದ ಯಾವ್ದು ಗೊತ್ತಾ, ಹಳೇಪುಟ ಸರ್ ಹೇಳಿದ ಅದೇ 1890ರ ಒಪ್ಪಂದ.

ತಿಪಟೂರು_ಯಾತ್ರಿ
ಓಹೋ ಈಗ ಅರ್ಥ ಆಯ್ತು, ಅಂದ್ರೆ ಊರು ದೂರ ಇರ್ಲಿಲ್ಲ, ದಾರಿ ಮುಚ್ಚಿದ್ಮೇಲೆ ದೂರ ಆಯ್ತು.

ಸುಮಾ_ಶಿವಮೊಗ್ಗ
ಎಲ್ರೂ ದಾರಿ ದಾರಿ ಅಂತ ಒಂದೇ ಹಾಡು ಹಾಡ್ತಿದೀರಿ, ನಂಗೆ ಪೂರ್ತಿ ಒಪ್ಪಿಗೆ ಇಲ್ಲ. ದಾರಿ ಮುಚ್ಚಿ ಅರವತ್ತು ವರ್ಷ ಆಯ್ತು, ಊರು ಇನ್ನೂ ಇದೆ ತಾನೇ? ದಾರಿ ಮೇಲೇ ನಿಂತಿದ್ದ ಊರಾದ್ರೆ ಖಾಲಿ ಆಗ್ಬೇಕಿತ್ತು. ಆ ಬಯಲೆಲ್ಲ ಹುಲ್ಲು, ಕೆರೆ ಪಕ್ಕ ಜೌಗು. ಫಾರಿ ಯಾಕ್ ಅಂತಾನೇ ಒಂದು ತಳಿ ಇದೆ, ಮಾಂಸ ಬೆಣ್ಣೆ ಎರಡಕ್ಕೂ ಹೆಸರುವಾಸಿ. ಮೇಲಿನ ಗುಡ್ಡದಲ್ಲಿ ಕೀಡಾಜಡಿ ಸಿಗುತ್ತೆ, ಅದೇ ಹುಳದ ಮೇಲೆ ಬೆಳೆಯೋ ಶಿಲೀಂಧ್ರ, ಚೀನಾ ಪೇಟೇಲಿ ಬಂಗಾರದ ರೇಟು. ವ್ಯಾಪಾರಿ, ಸೈನಿಕ, ಬೆಟ್ಟ ಹತ್ತೋನು ಇವ್ರೆಲ್ಲ ಬರೆದಿಟ್ಟು ಹೋದ್ರು ಅಂತ ಅವರ ಕಣ್ಣಿಗೆ ಬಿದ್ದಿದ್ದೇ ಊರಾಯ್ತು. ಯಾಕ್ ಕಾಯೋರು ಏನೂ ಬರೀಲಿಲ್ಲ, ಬೇಸಿಗೇಲಿ ಮೇಲೆ ಡೇರೆ ಹಾಕ್ಕೊಂಡು ಹಾಲು ಕರೀತಾ ಇದ್ರು.

ಹಳೇಪುಟ
ಹ್ಮ್. ಇದಕ್ಕೆ ಥಟ್ ಅಂತ ಉತ್ತರ ಇಲ್ಲ ನನ್ಹತ್ರ. ಆದ್ರೂ ಒಂದು ಮಾತು, ಕುರಿ ಯಾಕ್ ಸಾಕೋ ಬಯಲು ಟಿಬೆಟ್ ತುಂಬ ಇದೆ, ಎಲ್ಲಾ ಕಡೆ ಪೇಟೆ ಹುಟ್ಲಿಲ್ಲ. ಡೇರೆಯವರು ಇದ್ರು ಸರಿ, ಅವರನ್ನ ಒಂದು ಕಡೆ ಕೂಡಿಸಿ ಮನೆ ಕಟ್ಟಿಸಿದ್ದು ಸಂತೆ ಮತ್ತೆ ಸುಂಕ ಅನ್ನೋದು ನನ್ನ ವಾದ.

ಮುಂಡಗೋಡದಾಂವ
ಇಬ್ರೂ ಜಗಳಾಡಬ್ಯಾಡ್ರಿ. ಅಜ್ಜನ ಲೆಕ್ಕದಾಗ ಫಾರಿಯವರು ಭಾಳ ಶಾಣ್ಯಾ ಮಂದಿ, ಮ್ಯಾವಿನ ರೇಟ ಗಿರಾಕಿ ಮಾರಿ ನೋಡಿ ಹೇಳತಿದ್ರಂತ, ಹಿಮ ಬಿದ್ದ ದಿನಾ ಡಬಲ್ 😄

ಗಿರೀಶ_ಬಿಟಿಎಂ
ಆಟೋ ಮೀಟರ್ ಮೇಲೆ ಒಂದೂವರೆ ಕೇಳೋದು ಅಲ್ಲಿಂದ್ಲೇ ಬಂದಿದ್ದಾ ಹಂಗಾದ್ರೆ

ಅಂಚೆಚೀಟಿ_ಶೆಟ್ರು
ಲಕೋಟೆಯ ಫೋಟೋ ನಾಳೆ ಹಾಕ್ತೇನೆ. ಹಿಂದಿನ ಟಿಬೆಟನ್ ಬರಹ ಓದುವವರು ಮುಂಡಗೋಡದಲ್ಲಿ ಯಾರಾದ್ರೂ ಸಿಗಬಹುದಾ ಮಾರಾಯ್ರೆ?

ಮುಂಡಗೋಡದಾಂವ
ಹಾಕ್ರಿ ಶೆಟ್ರ. ಡ್ರೆಪುಂಗ್ ಮಠದಾಗ ಪರಿಚಯದ ಸನ್ಯಾಸಿ ಒಬ್ರು ಅದಾರ, ಕನ್ನಡನೂ ಚಲೋ ಮಾತಾಡ್ತಾರ. ಐತವಾರ ಪ್ಯಾಟಿಗೆ ಬಂದಾಗ ತೋರಸ್ತೇನಿ.